ಸಂಜೆಯಾದರೆ ಶ್ರುತಿ ತಪ್ಪುತ್ತಿದ್ದ ಆರ್ಗನ್: ಒಂದು ಹೈಬ್ರಿಡ್ ವಾದ್ಯದ ಪ್ರಕರಣ

ದೂರು ಇಷ್ಟೇ ಇತ್ತು. "ಬೆಳಿಗ್ಗೆ ನುಡಿಸಿದರೆ ಚೆನ್ನಾಗಿರುತ್ತೆ. ಸಂಜೆ ಕೂತರೆ ಡಿಜಿಟಲ್ ಸ್ಟಾಪ್‌ಗಳೆಲ್ಲ ಸುಳ್ಳು ಅನ್ನಿಸುತ್ತವೆ. ಸ್ಯಾಂಪಲ್ ಸೆಟ್ ಬದಲಾಯಿಸಿಬಿಡಲಾ?" ಕೇಳಿದವರು ಮನೆಯ ಒಂದು ಕೋಣೆಯಲ್ಲಿ ತಾವೇ ಆರ್ಗನ್ ಕಟ್ಟಿಕೊಂಡ ಹವ್ಯಾಸಿ. ಎಲೆಕ್ಟ್ರಾನಿಕ್ಸ್ ಚೆನ್ನಾಗಿ ಬಲ್ಲವರು, ನುಡಿಸಲೂ ಬರುತ್ತದೆ. ಆರ್ಗನ್ ಅಂದರೆ ಕೀ ಒತ್ತಿದಾಗ ಪೈಪ್‌ಗಳಿಗೆ ಗಾಳಿ ಊದಿ ನುಡಿಸುವ ವಾದ್ಯ. ಒಂದೇ ಬಣ್ಣದ ಸದ್ದಿನ ಪೈಪ್‌ಗಳ ಒಂದು ಸಾಲು ಒಂದು ಸ್ಟಾಪ್. ಡಿಜಿಟಲ್ ಸ್ಟಾಪ್‌ನಲ್ಲಿ ಪೈಪ್ ಬದಲು ಅದರ ರೆಕಾರ್ಡಿಂಗ್, ಅಂದರೆ ಸ್ಯಾಂಪಲ್, ಸ್ಪೀಕರ್‌ನಲ್ಲಿ ನುಡಿಯುತ್ತದೆ.

ಸ್ಯಾಂಪಲ್ ಸೆಟ್‌ಗೂ ಈ ತೊಂದರೆಗೂ ಸಂಬಂಧವೇ ಇರಲಿಲ್ಲ. ಆದರೆ ಕಾರಣ ಹುಡುಕುತ್ತಾ ಹೋದಾಗ, ನಿಜವಾದ ಪೈಪ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಕನ್ಸೋಲ್‌ಗೆ (ಕೂತು ನುಡಿಸುವ ಕೀಗಳ ಮೇಜಿಗೆ) ಕಟ್ಟುವವರಿಗೆಲ್ಲ ಬೇಕಾಗುವ ಕೆಲವು ವಿಷಯಗಳು ಸಿಕ್ಕವು. ಇಂಥ ವಾದ್ಯ ಕಟ್ಟಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಪೂರ್ತಿ ಬರೆದಿಡುತ್ತಿದ್ದೇನೆ.

ವಾದ್ಯ ಹೇಗಿದೆ

ಕೈಗೆ 61 ಕೀಗಳ ಎರಡು ಮ್ಯಾನ್ಯುಯಲ್ (ಕೀಬೋರ್ಡ್), ಕಾಲಿಗೆ 32 ಸ್ವರಗಳ ಪೆಡಲ್‌ಬೋರ್ಡ್. ಯಾವ ಕೀ ಒತ್ತಿದ್ದಾರೆ ಅನ್ನುವುದನ್ನು ಒಂದು ಮೈಕ್ರೋಕಂಟ್ರೋಲರ್ ಓದಿ, ಮಿಡಿ (ವಾದ್ಯಗಳು ಸ್ವರ ತಿಳಿಸಲು ಬಳಸುವ ಡಿಜಿಟಲ್ ಸಂಕೇತ) ಸಂದೇಶವಾಗಿ ಕಂಪ್ಯೂಟರ್‌ಗೆ ಕಳಿಸುತ್ತದೆ. ಕಂಪ್ಯೂಟರ್‌ನಲ್ಲಿ ಗ್ರ್ಯಾಂಡ್‌ಆರ್ಗ್ ಓಡುತ್ತದೆ. ಇದು ಮುಕ್ತ ತಂತ್ರಾಂಶ. ದೊಡ್ಡ ಆರ್ಗನ್‌ಗಳ ಪೈಪ್‌ಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್‌ಗಳನ್ನು ಅದು ನುಡಿಸುತ್ತದೆ. ಹಾಪ್ಟ್‌ವೆರ್ಕ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು.

ಇಷ್ಟೇ ಆಗಿದ್ದರೆ ಬರೆಯುವಂಥದ್ದು ಏನೂ ಇರಲಿಲ್ಲ. ಕನ್ಸೋಲ್‌ನ ಎಡಕ್ಕೆ ನಿಜವಾದ ಪೈಪ್‌ಗಳ ಎರಡು ಸಾಲುಗಳಿವೆ. ಒಂದು ಗೆಡಾಕ್ಟ್ 8 ಅಡಿ, ಇನ್ನೊಂದು ಪ್ರಿನ್ಸಿಪಲ್ 4 ಅಡಿ. ಅಡಿಯ ಸಂಖ್ಯೆ ಹೇಳುವುದು ಸ್ವರದ ಎತ್ತರವನ್ನು. 8 ಅಡಿ ಅಂದರೆ ಕೀಯ ಸ್ವರವೇ, 4 ಅಡಿ ಒಂದು ಅಷ್ಟಕ (ಸ ಇಂದ ಮೇಲಿನ ಸ) ಮೇಲೆ, 16 ಅಡಿ ಒಂದು ಅಷ್ಟಕ ಕೆಳಗೆ. ಪ್ರಿನ್ಸಿಪಲ್‌ನ ಪೈಪ್‌ಗಳು ಮೇಲೆ ತೆರೆದಿರುತ್ತವೆ. ಸಾಲಿಗೆ 61ರಂತೆ ಒಟ್ಟು 122 ಪೈಪ್. ಹಳೆಯ ವಾದ್ಯವೊಂದನ್ನು ಬಿಚ್ಚಿದಾಗ ಸಿಕ್ಕವು. ಗೆಡಾಕ್ಟ್‌ನ ಪೈಪ್‌ಗಳಿಗೆ ಮೇಲೆ ಮುಚ್ಚಳ ಇರುತ್ತದೆ. ಮುಚ್ಚಿದ ಪೈಪ್ ಅದೇ ಉದ್ದದ ತೆರೆದ ಪೈಪ್‌ಗಿಂತ ಒಂದು ಅಷ್ಟಕ ಕೆಳಗೆ ನುಡಿಯುತ್ತದೆ. ಅದಕ್ಕೇ 8 ಅಡಿ ಸ್ಟಾಪ್‌ನ ಅತಿ ಕೆಳಗಿನ ಸಿ ಸ್ವರ, ಅಂದರೆ 65.4 ಹರ್ಟ್ಸ್, ಸುಮಾರು 4 ಅಡಿಯ ಪೈಪ್‌ನಿಂದಲೇ ಹೊರಡುತ್ತದೆ. ಮಾಡಿನ ಎತ್ತರ ಕಡಿಮೆ ಇರುವ ಕೋಣೆಗೆ ಇದಕ್ಕಿಂತ ಒಳ್ಳೆಯ ಸ್ಟಾಪ್ ಇಲ್ಲ.

ಪ್ರತಿ ಪೈಪ್‌ನ ಕೆಳಗೆ ಒಂದು ವಿದ್ಯುತ್ ಕಾಂತದ ಕವಾಟ. ಮಿಡಿ ಸಂದೇಶ ಬಂದರೆ ಕವಾಟ ತೆರೆದು ಪೈಪ್‌ಗೆ ಗಾಳಿ ಹೋಗುತ್ತದೆ. ಗಾಳಿಯ ಒತ್ತಡ 70 ಮಿಲಿಮೀಟರ್ ನೀರಿನ ಎತ್ತರದಷ್ಟು. ಬ್ಲೋವರ್ ಗದ್ದಲ ಮಾಡುತ್ತದೆ ಅಂತ ಅದನ್ನು ಪಕ್ಕದ ಸಣ್ಣ ಸಾಮಾನು ಕೋಣೆಯಲ್ಲಿಟ್ಟು, ಗೋಡೆಯಲ್ಲಿ ತೂತು ಮಾಡಿ ಕೊಳವೆ ಎಳೆದಿದ್ದಾರೆ. ಈ ಸಾಮಾನು ಕೋಣೆಯ ಕತೆ ಮುಂದೆ ಬರುತ್ತದೆ.

ಇದೇ ಎರಡು ಸಾಲನ್ನು ತಂತಿಯ ಮೂಲಕ 8, 4, 2 ಅಡಿ ಅಂತ ಹಂಚಿ ಐದಾರು ಸ್ಟಾಪ್ ಮಾಡಿಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಅವರು ಹಾಗೆ ಮಾಡಲಿಲ್ಲ, ಒಳ್ಳೆಯದೇ ಆಯಿತು. ಹಾಗೆ ಹಂಚಿದರೆ ಎರಡು ಕೀಗಳು ಒಂದೇ ಪೈಪ್ ಕೇಳುತ್ತವೆ, ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ನಡುವೆ ಸ್ವರಗಳು ಸುಮ್ನೆ ಕಾಣೆಯಾಗುತ್ತವೆ. ಕಂಪ್ಯೂಟರ್ ತುಂಬ ಸ್ಟಾಪ್‌ಗಳು ಇರುವಾಗ ಪೈಪ್‌ಗಳನ್ನು ಹೀಗೆ ಹಿಂಡುವ ಅಗತ್ಯವೂ ಇಲ್ಲ.

ಏನು ನುಡಿಸುತ್ತಿದ್ದರು?

ಮೀಟರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಬೇಕಿತ್ತು. ಬೆಳಿಗ್ಗೆ ಏನು ನುಡಿಸುತ್ತೀರಿ, ಸಂಜೆ ಏನು ನುಡಿಸುತ್ತೀರಿ?

ಬೆಳಿಗ್ಗೆ ಅಭ್ಯಾಸ. ಬಾಖ್‌ನ ಟ್ರಿಯೋ ಸೊನಾಟಾಗಳು, ಬಾಖ್ ಕೃತಿಗಳ ಪಟ್ಟಿಯಲ್ಲಿ (ಬಿಡಬ್ಲ್ಯುವಿ) 525ರಿಂದ 530ರವರೆಗಿನ ಆರು. ಇವುಗಳಲ್ಲಿ ಬಲಗೈಗೆ ಒಂದು ಸಾಲು, ಎಡಗೈಗೆ ಒಂದು, ಕಾಲಿಗೆ ಒಂದು. ಮೂರೂ ಬೇರೆ ಬೇರೆ ದಾರಿಯಲ್ಲಿ ಓಡುತ್ತಿರುತ್ತವೆ. ಅವರು ಬಲಗೈಯನ್ನು ಪೈಪ್‌ನ ಗೆಡಾಕ್ಟ್ ಮೇಲೆ, ಎಡಗೈಯನ್ನು ಡಿಜಿಟಲ್ ಕೊಳಲಿನ ಮೇಲೆ ಇಡುತ್ತಿದ್ದರು. ಸಂಜೆ ಮಾತ್ರ ನಿಧಾನದ ಕೋರಾಲ್‌ಗಳು, ಅಂದರೆ ಚರ್ಚಿನ ಸ್ತುತಿಗೀತೆಗಳು, ನಾಲ್ಕು ಧ್ವನಿಯ ಉದ್ದುದ್ದ ಕಾರ್ಡ್‌ಗಳು. ಪೈಪ್, ಡಿಜಿಟಲ್ ಎರಡನ್ನೂ ಒಟ್ಟಿಗೆ ತೆರೆದು.

ಇದನ್ನು ಕೇಳಿದ ಮೇಲೆ "ಬೆಳಿಗ್ಗೆ ಚೆನ್ನಾಗಿರುತ್ತೆ" ಅನ್ನುವುದನ್ನು ಪೂರ್ತಿ ನಂಬುವ ಹಾಗಿರಲಿಲ್ಲ. ಎರಡು ಮೂಲಗಳ ಶ್ರುತಿ ಸ್ವಲ್ಪ ಬೇರೆ ಇದ್ದರೆ, ಒಂದೇ ಸ್ವರವನ್ನು ಎರಡೂ ಹಿಡಿದು ನಿಂತಾಗ ಸದ್ದು ಏರಿ ಇಳಿದು ಏರಿ ಇಳಿದು ಮಾಡುತ್ತದೆ. ಇದೇ ಬೀಟ್. ಟ್ರಿಯೋದಲ್ಲಿ ಎರಡು ಕೈಗಳು ಒಂದೇ ಸ್ವರದ ಮೇಲೆ ನಿಲ್ಲುವುದು ಬಹಳ ಅಪರೂಪ. ಸ್ವರಗಳೂ ಬೇಗ ಬೇಗ ಹೋಗುತ್ತವೆ. ಹತ್ತು ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ವ್ಯತ್ಯಾಸ ಇದ್ದರೂ ಕಿವಿ ಅದನ್ನು ಎರಡು ವಾದ್ಯಗಳ ಬಣ್ಣ ಅಂತ ಒಪ್ಪಿಕೊಂಡುಬಿಡುತ್ತದೆ. ಕೋರಾಲ್‌ನಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಒಂದೇ ಕೀಗೆ ಪೈಪೂ ನುಡಿಯುತ್ತದೆ, ಸ್ಪೀಕರೂ ನುಡಿಯುತ್ತದೆ, ಎರಡೂ ಮೂರು ನಾಲ್ಕು ಸೆಕೆಂಡ್ ಅಲ್ಲೇ ನಿಲ್ಲುತ್ತವೆ.

ಹಾಗಾಗಿ ಬೆಳಿಗ್ಗೆ ಕೋರಾಲ್, ಸಂಜೆ ಟ್ರಿಯೋ ಅಂತ ಅದಲುಬದಲು ಮಾಡಿ ನುಡಿಸಿದರು. ಬೆಳಗಿನ ಕೋರಾಲ್ ಸಂಜೆಯದಕ್ಕಿಂತ ಚೆನ್ನಾಗಿತ್ತು, ಆದರೆ ಶುದ್ಧವಾಗಿರಲಿಲ್ಲ. ಸಂಜೆಯ ಟ್ರಿಯೋ ಪರವಾಗಿಲ್ಲ ಅನ್ನಿಸಿತು. ಅಂದರೆ ತೊಂದರೆ ದಿನವಿಡೀ ಇತ್ತು, ಸಂಜೆ ಜಾಸ್ತಿಯಾಗುತ್ತಿತ್ತು. ಟ್ರಿಯೋ ಅದನ್ನು ಮುಚ್ಚುತ್ತಿತ್ತು, ಕೋರಾಲ್ ಬಯಲು ಮಾಡುತ್ತಿತ್ತು.

ಪೈಪ್ ಓಡುತ್ತದೆ, ಸ್ಯಾಂಪಲ್ ನಿಂತಲ್ಲೇ ನಿಲ್ಲುತ್ತದೆ

ಜಾಸ್ತಿಯಾಗುವುದಕ್ಕೆ ಕಾರಣ ಬಿಸಿ. ಆರ್ಗನ್ ಜೊತೆ ಒಡನಾಡಿದವರಿಗೆ ಇದು ಹೊಸದಲ್ಲ. ಆದರೂ ಎಷ್ಟು ಬಿಸಿಗೆ ಎಷ್ಟು ಅಂತ ಲೆಕ್ಕ ಹಾಕಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಪೈಪ್‌ನ ಶ್ರುತಿ ನಿಂತಿರುವುದು ಒಳಗಿನ ಗಾಳಿಯಲ್ಲಿ ಸದ್ದು ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದರ ಮೇಲೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 343 ಮೀಟರ್. ಒಂದು ಡಿಗ್ರಿ ಏರಿದರೆ 0.6 ಮೀಟರ್‌ನಷ್ಟು ಹೆಚ್ಚುತ್ತದೆ. ಶ್ರುತಿಯ ಲೆಕ್ಕದಲ್ಲಿ ಡಿಗ್ರಿಗೆ ಸುಮಾರು 3 ಸೆಂಟ್. ಬಿಸಿಗೆ ಪೈಪ್‌ನ ಲೋಹ ಹಿಗ್ಗಿ ಶ್ರುತಿ ಬದಲಾಗುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಲೋಹ ಹಿಗ್ಗುವುದು ನಿಜ. ಆದರೆ ಹಿಗ್ಗಿದರೆ ಶ್ರುತಿ ಇಳಿಯಬೇಕು, ಇಲ್ಲಿ ಏರುತ್ತಿದೆ. ಆ ಇಳಿಕೆಯೂ ಡಿಗ್ರಿಗೆ ಒಂದು ಸೆಂಟ್‌ನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮರೆತುಬಿಡಬಹುದು.

ಪೈಪ್‌ಗಳನ್ನು ಎ ಸ್ವರ 440 ಹರ್ಟ್ಸ್ ಆಗುವಂತೆ ಶ್ರುತಿ ಮಾಡಿದಾಗ ಕೋಣೆಯಲ್ಲಿ 21 ಡಿಗ್ರಿ ಇತ್ತು. ಸಂಜೆ ಕಂಪ್ಯೂಟರ್, ಆಂಪ್ಲಿಫೈಯರ್‌ಗಳು ಬಿಸಿಯಾಗಿ, ಕೇಳಲು ನಾಲ್ಕು ಜನ ಬಂದು ಕೂತರೆ 27 ಆಗುತ್ತಿತ್ತು. ಆರು ಡಿಗ್ರಿ, ಅಂದರೆ 18 ಸೆಂಟ್. ಸ್ಪೀಕರ್‌ನ ಎ 440ರಲ್ಲೇ ನಿಂತಿರುತ್ತದೆ, ಪೈಪ್‌ನ ಎ 444.6ಕ್ಕೆ ಹೋಗಿರುತ್ತದೆ. ಸೆಕೆಂಡಿಗೆ ನಾಲ್ಕೂವರೆ ಬೀಟ್. ಒಂದು ಅಷ್ಟಕ ಮೇಲೆ ಒಂಬತ್ತು. ಇನ್ನೂ ಮೇಲೆ, 2000 ಹರ್ಟ್ಸ್ ಹತ್ತಿರ, ಇಪ್ಪತ್ತು ದಾಟಿ ಬೀಟ್ ಬೀಟಾಗಿ ಕೇಳಿಸುವುದೇ ಇಲ್ಲ. ಬರೀ ಒರಟು ಸದ್ದು. ಅವರು "ಸುಳ್ಳು" ಅಂದದ್ದು ಈ ಒರಟನ್ನು. ಸ್ಯಾಂಪಲ್ ಪಾಪ ಏನೂ ಮಾಡಿರಲಿಲ್ಲ, ಇದ್ದ ಕಡೆಯೇ ಇತ್ತು.

ಪೈಪ್ ಮತ್ತು ಸ್ಪೀಕರ್ ಹೀಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಾದಾಗ ಯಾರನ್ನು ಬಗ್ಗಿಸಬೇಕು? ಈ ಪ್ರಕರಣದಲ್ಲಿ ನನ್ನ ಗಟ್ಟಿ ಅಭಿಪ್ರಾಯ ಇದ್ದದ್ದು ಇಲ್ಲೇ. ಪೈಪ್ ಮುಟ್ಟಬೇಡಿ. ಬಗ್ಗುವ ಕೆಲಸ ಕಂಪ್ಯೂಟರ್‌ನದು.

ಏಕೆಂದರೆ ಅಷ್ಟರಲ್ಲಿ ಪೈಪ್‌ಗಳನ್ನು ಸಾಕಷ್ಟು ಮುಟ್ಟಿಯಾಗಿತ್ತು. ಸಂಜೆ ಶ್ರುತಿ ಏರಿದೆ ಅಂತ ಅವರು ಪ್ರಿನ್ಸಿಪಲ್‌ನ ಮೇಲ್ತುದಿಯ ತಗಡಿನ ಉಂಗುರಗಳನ್ನು ಮೇಲಕ್ಕೆ ತಟ್ಟುತ್ತಿದ್ದರು. ಬೆಳಿಗ್ಗೆ ಇಳಿದಿದೆ ಅಂತ ಮತ್ತೆ ಕೆಳಕ್ಕೆ. ಆ ಸಾಲಿನ ಅತಿ ಚಿಕ್ಕ ಪೈಪ್ ನೋಡಿದರೆ ಇದು ಎಂಥ ಆಟ ಅಂತ ಗೊತ್ತಾಗುತ್ತದೆ. 4 ಅಡಿ ಸ್ಟಾಪ್‌ನ ಕೊನೆಯ ಸಿ ನುಡಿಯುವುದು ಸುಮಾರು 4186 ಹರ್ಟ್ಸ್‌ನಲ್ಲಿ. ಬಾಯಿಯಿಂದ ಮೇಲಕ್ಕೆ ಅದರ ಉದ್ದ 4 ಸೆಂಟಿಮೀಟರ್‌ಗೂ ಕಡಿಮೆ. ಉಂಗುರ ಅರ್ಧ ಮಿಲಿಮೀಟರ್ ಸರಿದರೆ ಶ್ರುತಿ 20 ಸೆಂಟ್ ಹಾರುತ್ತದೆ. ಟ್ಯೂನಿಂಗ್ ಚಾಕುವಿನ ಬೆನ್ನಿಂದ ಉಗುರು ತಾಕಿದಷ್ಟು ಮೆಲ್ಲಗೆ ತಟ್ಟಬೇಕು. ತಟ್ಟಿ ಕೈ ತೆಗೆದು ಕಾಯಬೇಕು. ಬೆರಳು ತಾಗಿದ್ದಕ್ಕೇ ಪೈಪ್ ಬೆಚ್ಚಗಾಗಿ ಶ್ರುತಿ ಏರಿರುತ್ತದೆ, ತಣ್ಣಗಾದ ಮೇಲೆ ಇನ್ನೊಂದು ಜಾಗಕ್ಕೆ ಬಂದು ಕೂರುತ್ತದೆ. ಕಾಯದೆ ತಟ್ಟುತ್ತಾ ಹೋದರೆ ಇಡೀ ಮೇಲಿನ ಅಷ್ಟಕ ಸ್ವಲ್ಪ ಸ್ವಲ್ಪ ಇಳಿದುಕೊಂಡು ನಿಲ್ಲುತ್ತದೆ. ಹತ್ತಿರ ಬಗ್ಗಿ ಉಸಿರಾಡಿದರೂ ಸಾಕು, ಶ್ರುತಿ ಮೀಟರ್‌ನ ಮುಳ್ಳು ಅಲ್ಲಾಡುತ್ತದೆ.

ಹೀಗೆ ಮೇಲೆ ಕೆಳಗೆ ತಟ್ಟಿಸಿಕೊಂಡು ಕೆಲವು ಉಂಗುರಗಳು ಸಡಿಲವಾಗಿ ತಾವೇ ಜಾರುತ್ತಿದ್ದವು. ಒಂದೆರಡು ಪೈಪ್‌ಗಳ ಅಂಚು ಬಾಗಿತ್ತು. ಗೆಡಾಕ್ಟ್‌ನ ಮುಚ್ಚಳಗಳ ಚರ್ಮವೂ ಸವೆಯಲು ಶುರುವಾಗಿತ್ತು. ಬೆಳಗಿನ ಕೋರಾಲ್ ಶುದ್ಧವಾಗಿ ಕೇಳಿಸದೆ ಇದ್ದದ್ದು ಇದಕ್ಕೇ. ಪೈಪ್‌ಗಳು ತಮ್ಮತಮ್ಮಲ್ಲೇ ಒಂದಕ್ಕೊಂದು ಕೂಡುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಪೈಪ್‌ಗಳನ್ನು ಒಂದೇ ಸಲ, ಕೋಣೆ 23 ಡಿಗ್ರಿಯಲ್ಲಿ ನೆಲೆನಿಂತಿದ್ದಾಗ, ಸರಿಯಾಗಿ ಶ್ರುತಿ ಮಾಡಿ ಬಿಟ್ಟುಬಿಡುವುದು. ಸಡಿಲ ಉಂಗುರಗಳನ್ನು ಬಿಗಿ ಮಾಡಲಾಯಿತು. ಎರಡನೆಯದು ಕಂಪ್ಯೂಟರ್‌ಗೆ ಈ ಪೈಪ್‌ಗಳ ಹಿಂದೆ ಹೋಗಲು ಹೇಳುವುದು. ಗ್ರ್ಯಾಂಡ್‌ಆರ್ಗ್‌ನಲ್ಲಿ ಇಡೀ ಆರ್ಗನ್‌ಗೆ, ಬೇಕಾದರೆ ಒಂದೇ ಸಾಲಿಗೆ, ಇನ್ನೂ ಬೇಕಾದರೆ ಒಂದೊಂದೇ ಪೈಪ್‌ಗೆ ಸೆಂಟ್ ಲೆಕ್ಕದಲ್ಲಿ ಶ್ರುತಿ ಹೊಂದಿಸಬಹುದು. 25 ಡಿಗ್ರಿ ಇದ್ದರೆ ಇಡೀ ಆರ್ಗನ್‌ಗೆ 6 ಸೆಂಟ್ ಏರಿಸುವುದು, 27 ಇದ್ದರೆ 12. ಕೇಳಲು ಇಷ್ಟು ಸುಲಭ.

ಸಂಖ್ಯೆ ಸರಿ ಇತ್ತು, ಸದ್ದು ಸರಿ ಇರಲಿಲ್ಲ

ಡಿಎಸ್18ಬಿ20 ಅನ್ನುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಚಿಪ್ ಹವ್ಯಾಸಿಗಳಿಗೆಲ್ಲ ಗೊತ್ತು. ಅದನ್ನು ಕೋಣೆಯ ಗೋಡೆಗೆ ಅಂಟಿಸಿ, ಎಷ್ಟು ಸೆಂಟ್ ಹಾಕಬೇಕು ಅಂತ ತೋರಿಸುವ ಪುಟ್ಟ ಪರದೆ ಮಾಡಿದರು. ಆ ಚಿಪ್ ಅರ್ಧ ಡಿಗ್ರಿ ಆಚೀಚೆ ಹೇಳಬಹುದು, ಅಂದರೆ ಒಂದೂವರೆ ಸೆಂಟ್. ಆದರೆ ಶ್ರುತಿ ಮಾಡುವಾಗಲೂ ಅದೇ ಚಿಪ್ ನೋಡಿದ್ದರಿಂದ ಆ ತಪ್ಪು ತಾನೇ ಕಳೆದುಹೋಗುತ್ತದೆ. ನಮಗೆ ಬೇಕಾದದ್ದು ವ್ಯತ್ಯಾಸ ಮಾತ್ರ ಅಲ್ವಾ.

ಮೊದಲ ಕೋರಾಲ್ ಚೆನ್ನಾಗಿ ಬಂತು. ಬೀಟ್ ಹೆಚ್ಚುಕಡಿಮೆ ಹೋಗಿತ್ತು. ಅರ್ಧ ಗಂಟೆ ನುಡಿಸುವಷ್ಟರಲ್ಲಿ ಮತ್ತೆ ಶುರುವಾಯಿತು. ಗೋಡೆಯ ಥರ್ಮಾಮೀಟರ್ ಕದಲಿರಲಿಲ್ಲ. ಪೈಪ್‌ಗಳು ಮಾತ್ರ ಇನ್ನೂ ಏಳೆಂಟು ಸೆಂಟ್ ಮೇಲಕ್ಕೆ ಹೋಗಿದ್ದವು.

ಇಲ್ಲಿ ಗಾಳಿಯ ಒತ್ತಡದ ಮೇಲೆ ಅನುಮಾನ ಬರುವುದು ಸಹಜ. ಒತ್ತಡ ಏರಿದರೆ ಶ್ರುತಿ ಏರುತ್ತದೆ, ಇಳಿದರೆ ಇಳಿಯುತ್ತದೆ. ನೀರು ತುಂಬಿದ ಯು ಆಕಾರದ ಕೊಳವೆಯನ್ನು ಪೈಪ್‌ಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆಗೆ ಸಿಕ್ಕಿಸಿ ನೋಡಿದರೆ 70 ಮಿಲಿಮೀಟರ್. ಎರಡೂ ಸಾಲು ತೆರೆದು ಹತ್ತು ಬೆರಳಿನ ಕಾರ್ಡ್ ಒತ್ತಿದರೆ 67ಕ್ಕೆ ಇಳಿದು, ಬಿಟ್ಟ ತಕ್ಷಣ 70ಕ್ಕೆ ಮರಳುತ್ತಿತ್ತು. ಅರ್ಧ ಗಂಟೆ ಆದ ಮೇಲೂ ಅಷ್ಟೇ. ಒತ್ತಡದ ತಪ್ಪಲ್ಲ.

ಇನ್ನೆರಡು ಚಿಪ್ ಸೇರಿಸಿದರು. ಒಂದು ಗಾಳಿಪೆಟ್ಟಿಗೆಯ ಒಳಗೆ, ಒಂದು ಪೈಪ್‌ಗಳ ನಡುವೆ. ಆಗ ವಿಷಯ ಹೊರಬಿತ್ತು. ಪೆಟ್ಟಿಗೆಯೊಳಗಿನ ಗಾಳಿ ಕೋಣೆಗಿಂತ ಐದು ಡಿಗ್ರಿ ಬಿಸಿ. ಸಾಮಾನು ಕೋಣೆಗೆ ಕಿಟಕಿ ಇಲ್ಲ, ಬಾಗಿಲು ಯಾವಾಗಲೂ ಮುಚ್ಚಿರುತ್ತದೆ, ಒಳಗೆ ಬ್ಲೋವರ್ ಮೋಟಾರ್ ತಿರುಗುತ್ತಿದೆ. ತಾನು ಬಿಸಿ ಮಾಡಿದ ಗಾಳಿಯನ್ನೇ ಬ್ಲೋವರ್ ಎಳೆದು ಪೈಪ್‌ಗಳಿಗೆ ಊದುತ್ತಿತ್ತು. ಬ್ಲೋವರ್ ಗಾಳಿಯನ್ನು ಪೈಪ್‌ಗಳು ನಿಂತಿರುವ ಕೋಣೆಯಿಂದಲೇ ತೆಗೆದುಕೊಳ್ಳಬೇಕು ಅನ್ನುವುದು ಆರ್ಗನ್ ಕಟ್ಟುವವರ ಹಳೆಯ ನಿಯಮ. ಗದ್ದಲ ತಪ್ಪಿಸುವ ಭರದಲ್ಲಿ ಅದು ಬಿಟ್ಟುಹೋಗಿತ್ತು.

ಹಾಗಾದರೆ ಗೋಡೆಯ ಥರ್ಮಾಮೀಟರ್ ಬಿಟ್ಟು ಪೆಟ್ಟಿಗೆಯೊಳಗಿನದನ್ನು ನಂಬಿ ಕಂಪ್ಯೂಟರ್‌ಗೆ ಇನ್ನಷ್ಟು ಸೆಂಟ್ ಹಾಕಿದರೆ ಆಗುವುದಿಲ್ಲವೇ ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಆಗುವುದಿಲ್ಲ. ಬಿಸಿ ಗಾಳಿ ಹೋಗುವುದು ನುಡಿಯುವ ಪೈಪ್‌ಗೆ ಮಾತ್ರ. ಕೋರಾಲ್‌ನಲ್ಲಿ ನಡುವಿನ ಎರಡು ಅಷ್ಟಕ ಬಿಡುವಿಲ್ಲದೆ ನುಡಿಯುತ್ತವೆ, ತೀರಾ ಕೆಳಗಿನವು, ತೀರಾ ಮೇಲಿನವು ಅಪರೂಪಕ್ಕೆ. ಹಾಗಾಗಿ ನಡುವಿನ ಪೈಪ್‌ಗಳು ಏರಿದ್ದವು, ತುದಿಯವು ಕೋಣೆಯ ಬಿಸಿಯಲ್ಲೇ ಉಳಿದಿದ್ದವು. ಪೈಪ್‌ಗಳೇ ತಮ್ಮೊಳಗೆ ಒಡೆದುಹೋದ ಮೇಲೆ ಕಂಪ್ಯೂಟರ್‌ಗೆ ಯಾವ ಒಂದು ಸಂಖ್ಯೆ ಹೇಳಿದರೂ ಅದು ಯಾರೋ ಕೆಲವರಿಗೆ ತಪ್ಪೇ. ಇಡೀ ಸಾಲು ಒಟ್ಟಾಗಿ ಏರಿದರೆ ತಂತ್ರಾಂಶ ಸಂಭಾಳಿಸುತ್ತದೆ. ಬಿಡಿಬಿಡಿಯಾಗಿ ಏರಿದರೆ ಗಾಳಿಯನ್ನೇ ಸರಿಮಾಡಬೇಕು.

ಸರಿಮಾಡಿದ್ದು ಹೀಗೆ. ಬ್ಲೋವರ್ ಸಾಮಾನು ಕೋಣೆಯಲ್ಲೇ ಉಳಿಯಿತು. ಅದರ ಬಾಯಿಗೆ ಪ್ಲೈವುಡ್ ಪೆಟ್ಟಿಗೆ ಕೂರಿಸಿ, ಪೆಟ್ಟಿಗೆಯಿಂದ ಗೋಡೆಯಲ್ಲಿ ಇನ್ನೊಂದು ತೂತು ಮಾಡಿ, ಆರ್ಗನ್ ಇರುವ ಕೋಣೆಯ ಗಾಳಿ ಎಳೆಯುವಂತೆ ಮಾಡಿದರು. ತೂತಿನ ಮೂಲಕ ಗದ್ದಲ ವಾಪಸ್ ಬರಬಾರದಲ್ಲ, ಅದಕ್ಕೆ ಪೆಟ್ಟಿಗೆಯೊಳಗೆ ಅಡ್ಡ ಹಲಗೆಗಳನ್ನಿಟ್ಟು ಗಾಳಿಯ ದಾರಿಯನ್ನು ಸೊಟ್ಟಗೆ ಮಾಡಿ, ಒಳಗೆಲ್ಲ ದಪ್ಪ ಫೋಮ್ ಅಂಟಿಸಿದರು. ಇಲ್ಲಿ ಒಂದು ಎಚ್ಚರ ಬೇಕು. ದಾರಿಯ ಅಗಲ ಎಲ್ಲೂ ಬ್ಲೋವರ್‌ನ ಬಾಯಿಗಿಂತ ಕಿರಿದಾಗಬಾರದು. ಕಿರಿದಾದರೆ ಬ್ಲೋವರ್ ಉಸಿರು ಕಟ್ಟಿ, ಒತ್ತಡ ಬೀಳುತ್ತದೆ. ಪೆಟ್ಟಿಗೆ ಹಾಕಿದ ಮೇಲೂ ಗಾಳಿ ಕೋಣೆಗಿಂತ ಒಂದು ಡಿಗ್ರಿ ಬಿಸಿ ಇರುತ್ತದೆ. ಬ್ಲೋವರ್ ಗಾಳಿಯನ್ನು ತಳ್ಳಿದ್ದಕ್ಕೇ ಅಷ್ಟು ಬಿಸಿ ಬರುತ್ತದೆ. ಅದನ್ನು ಹಾಗೇ ಬಿಟ್ಟಿದ್ದಾರೆ.

ನುಡಿಸುವ ಮೊದಲು ಈಗ ಅವರು ಮಾಡುವುದು ಇಷ್ಟು. ಬ್ಲೋವರ್ ಹಾಕಿ ಹತ್ತು ನಿಮಿಷ ಪೈಪ್ ಮೇಲೆ ಏನಾದರೂ ನುಡಿಸುತ್ತಾರೆ. ಆಮೇಲೆ ಗೆಡಾಕ್ಟ್‌ನ ನಡುವಿನ ಎ ಹಿಡಿದು, ಡಿಜಿಟಲ್ ಕೊಳಲಿನ ಅದೇ ಎ ಸೇರಿಸಿ, ಬೀಟ್ ನಿಲ್ಲುವವರೆಗೆ ತಂತ್ರಾಂಶದಲ್ಲಿ ಸೆಂಟ್ ಬದಲಾಯಿಸುತ್ತಾರೆ. ಪುಟ್ಟ ಪರದೆ ಎಲ್ಲಿಂದ ಶುರುಮಾಡಬೇಕು ಅಂತ ಹೇಳುತ್ತದೆ, ಕೊನೆಯ ಮಾತು ಕಿವಿಯದು. ಥರ್ಮಾಮೀಟರ್ ನೋಡಿ ಕಂಪ್ಯೂಟರ್ ತಾನೇ ಶ್ರುತಿ ಸರಿಸುತ್ತಾ ಹೋಗುವಂತೆ ಮಾಡಲು ಅವರಿಗೆ ಕೈ ತುರಿಸುತ್ತಿತ್ತು. ನಾನು ಬೇಡ ಅಂದೆ. ಒಂದು ತುಣುಕು ನಡೆಯುವಾಗ ಶ್ರುತಿ ಎರಡು ಸೆಂಟ್ ಜಾರಿದರೆ ಯಾರಿಗೂ ತಿಳಿಯುವುದಿಲ್ಲ. ಅದೇ ಎರಡು ಸೆಂಟ್ ಹಿಡಿದ ಕಾರ್ಡ್‌ನ ನಡುವೆ ಒಮ್ಮೆಲೇ ಜಿಗಿದರೆ ತಿಳಿಯುತ್ತದೆ. ತುಣುಕುಗಳ ನಡುವೆ ಕೈಯಿಂದ ಬದಲಾಯಿಸಿಕೊಂಡರೆ ಸಾಕು.

ಯಾವ ಸ್ಟಾಪ್ ಯಾರಿಗೆ

ಶ್ರುತಿ ಸರಿಯಾದ ಮೇಲೂ ಒಂದು ಅಭ್ಯಾಸ ಬದಲಾಗಬೇಕಿತ್ತು. ಪೈಪ್‌ನ ಗೆಡಾಕ್ಟ್ 8 ತೆರೆದಾಗ ಜೊತೆಗೆ ಡಿಜಿಟಲ್ ಗೆಡಾಕ್ಟ್ 8 ಕೂಡ ತೆರೆಯುತ್ತಿದ್ದರು, ಸದ್ದು ತುಂಬಲಿ ಅಂತ. ತುಂಬುವುದಿಲ್ಲ, ಮಸುಕಾಗುತ್ತದೆ. ಒಂದೇ ಎತ್ತರದ, ಒಂದೇ ಬಣ್ಣದ ಎರಡು ಸ್ಟಾಪ್‌ಗಳಲ್ಲಿ ಒಂದು ಗೋಡೆಯ ಪಕ್ಕ, ಇನ್ನೊಂದು ಸ್ಪೀಕರ್‌ನಲ್ಲಿ ಇದ್ದರೆ, ಒಂದು ಸೆಂಟ್ ವ್ಯತ್ಯಾಸವೂ ಎದ್ದು ಕಾಣುತ್ತದೆ.

ಹಂಚಿಕೆ ಹೀಗಾಯಿತು. 8 ಮತ್ತು 4 ಅಡಿಯ ಅಡಿಪಾಯ ಪೈಪ್‌ಗಳದು. ಸುತ್ತಲಿನ ಉಳಿದದ್ದೆಲ್ಲ, ಅಂದರೆ ಪೆಡಲ್‌ನ 16 ಅಡಿ, ಮೇಲಿನ 2 ಅಡಿ, ರೀಡ್‌ಗಳು (ಲೋಹದ ನಾಲಿಗೆಯಿಂದ ನುಡಿಯುವವು), ಸೆಲೆಸ್ಟ್ (ಬೇಕೆಂದೇ ಸ್ವಲ್ಪ ಶ್ರುತಿ ಸರಿಸಿದ ಸ್ಟಾಪ್), ಕಂಪ್ಯೂಟರ್‌ನದು. ಇದರಲ್ಲಿ ತುಂಬ ಚೆನ್ನಾಗಿ ಕೂಡಿಕೊಂಡದ್ದು ಡಿಜಿಟಲ್ ಬೂರ್ಡನ್ 16. ಅದಕ್ಕೆ ಕಾರಣ ಇದೆ. ಬೂರ್ಡನ್ ಮುಚ್ಚಿದ ಪೈಪ್. ಮುಚ್ಚಿದ ಪೈಪ್‌ನಲ್ಲಿ ಬೆಸ ಸಂಖ್ಯೆಯ ಉಪಸ್ವರಗಳೇ ಬಲವಾಗಿರುತ್ತವೆ, ಎರಡನೆಯದು, ಅಂದರೆ ಮೂಲ ಸ್ವರದ ಎರಡು ಪಟ್ಟು ಹರ್ಟ್ಸ್‌ನದು, ಇಲ್ಲವೆನ್ನುವಷ್ಟು ಕ್ಷೀಣ. 16 ಅಡಿಯ ಎರಡನೇ ಉಪಸ್ವರ ಅಂದರೆ 8 ಅಡಿಯ ಸ್ವರವೇ. ಅದು ಇಲ್ಲದ ಮೇಲೆ ಪೈಪ್‌ನ 8 ಅಡಿಯ ಜೊತೆ ಬೀಟ್ ಆಡಲು ಸ್ಪೀಕರ್ ಕಡೆಯಿಂದ ಯಾರೂ ಇಲ್ಲ. ಅದೇ ಜಾಗದಲ್ಲಿ ತೆರೆದ ಪ್ರಿನ್ಸಿಪಲ್ 16 ಹಾಕಿ ನೋಡಿದರೆ ಮೂರು ಸೆಂಟ್ ವ್ಯತ್ಯಾಸಕ್ಕೇ ಗೊಣಗಾಟ ಶುರು.

ಮಿಕ್ಸ್ಚರ್ (ಒಂದು ಕೀಗೆ ಹಲವು ಮೇಲಿನ ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ಟಾಪ್) ಮಾತ್ರ ಸುಲಭಕ್ಕೆ ಒಗ್ಗಲಿಲ್ಲ. ಅದರ ಸ್ವರಗಳು ಅಷ್ಟು ಮೇಲಿರುವುದರಿಂದ ಚಿಕ್ಕ ವ್ಯತ್ಯಾಸವೂ ಒರಟಾಗಿ ಕೇಳಿಸುತ್ತದೆ. ಡಿಜಿಟಲ್ ಮಿಕ್ಸ್ಚರ್ ತೆರೆದಾಗ ಪೈಪ್‌ನ ಪ್ರಿನ್ಸಿಪಲ್ 4 ಮುಚ್ಚಿ, ಡಿಜಿಟಲ್ ಪ್ರಿನ್ಸಿಪಲ್ ತೆರೆಯುವುದು ವಾಸಿ. ಗೆಡಾಕ್ಟ್ ಕೆಳಗೆ ಇರಲಿ. ಕೈಲಿರುವ ಅಷ್ಟು ಚೆಂದದ ಪೈಪ್ ಸಾಲನ್ನು ಮುಚ್ಚಬೇಕಾ ಅಂತ ಅವರಿಗೆ ಬೇಜಾರು. ಕೇಳಿದವರಿಗಂತೂ ಸಮಾಧಾನ.

ಶ್ರುತಿ ಪದ್ಧತಿಯ, ಅಂದರೆ ಅಷ್ಟಕದ ಸ್ವರಗಳನ್ನು ಎಷ್ಟೆಷ್ಟು ಅಂತರಕ್ಕೆ ಇಡಬೇಕು ಅನ್ನುವ ವಿಷಯವೂ ಇಲ್ಲೇ ಬರುತ್ತದೆ. ಕಂಪ್ಯೂಟರ್‌ನಲ್ಲಿ ವೆರ್ಕ್‌ಮೈಸ್ಟರ್, ಕಿರ್ನ್‌ಬೆರ್ಗರ್, ಮೀನ್‌ಟೋನ್ ಯಾವುದನ್ನಾದರೂ ಒಂದು ಕ್ಲಿಕ್‌ನಲ್ಲಿ ಆರಿಸಬಹುದು. ಪೈಪ್‌ಗಳು ಸಮ ವಿಭಜನೆಯಲ್ಲಿ ಶ್ರುತಿಯಾಗಿವೆ, ಅಲ್ಲೇ ಇರುತ್ತವೆ. ಹಳೆಯ ಪದ್ಧತಿ ಬೇಕಾದ ದಿನ ಪೈಪ್‌ಗಳಿಗೆ ರಜೆ.

ಎರಡು ಕಟ್ಟಡಗಳ ಸದ್ದು

ಇನ್ನು ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಅವರ ಸ್ಯಾಂಪಲ್ ಸೆಟ್ ಒಂದು ದೊಡ್ಡ ಚರ್ಚಿನದು, ಅಲ್ಲಿನ ನಾಲ್ಕು ಸೆಕೆಂಡ್ ಗುಂಯ್‌ಗುಡುವಿಕೆಯೂ ರೆಕಾರ್ಡ್ ಆಗಿದೆ. ಪೈಪ್‌ಗಳು ಇರುವುದು ಚಿಕ್ಕ ಕೋಣೆಯಲ್ಲಿ, ಕೀ ಬಿಟ್ಟರೆ ಸದ್ದು ಅಲ್ಲಿಗೇ ಮುಗಿಯಿತು. ಒಂದೇ ಕಾರ್ಡ್ ಬಿಟ್ಟಾಗ ಅರ್ಧ ಇಲ್ಲೇ ನಿಲ್ಲುತ್ತದೆ, ಅರ್ಧ ಚರ್ಚಿನಲ್ಲಿ ಅಲೆಯುತ್ತಾ ಇರುತ್ತದೆ. ಪೈಪ್ ಹತ್ತಿರದಿಂದ ರೆಕಾರ್ಡ್ ಮಾಡಿದ ಒಣ ಸ್ಯಾಂಪಲ್‌ಗಳಿಗೆ ಬದಲಾಯಿಸಿದರು. ಹಾಗೆ ನೋಡಿದರೆ ಅವರ ಆಸೆಯಂತೆ ಸ್ಯಾಂಪಲ್ ಸೆಟ್ ಬದಲಾಗಿಯೇ ಬಿಟ್ಟಿತು, ಕಾರಣ ಮಾತ್ರ ಬೇರೆ. ಪೈಪ್‌ಗಳ ಎದುರು ಒಂದು ಮೈಕ್ ಇಟ್ಟು, ಅದನ್ನೂ ಒಣ ಸ್ಯಾಂಪಲ್‌ಗಳನ್ನೂ ಒಂದೇ ಕೃತಕ ಪ್ರತಿಧ್ವನಿಗೆ ಕಳಿಸಿ, ಹಿಂದಿನ ಸ್ಪೀಕರ್‌ಗಳಿಂದ ಮೆಲ್ಲಗೆ ಬಿಟ್ಟರು. ಮೈಕ್ ಜಾಸ್ತಿ ತೆರೆದರೆ ಕಿರುಚುತ್ತದೆ. ಸ್ವಲ್ಪ ಸಾಕು.

ತಡದ ವಿಷಯ. ಕಂಪ್ಯೂಟರ್ ಸದ್ದು ಹೊರಬಿಡುವ ಮೊದಲು ಕೂಡಿಟ್ಟುಕೊಳ್ಳುವ ಆಡಿಯೋ ಬಫರ್ 1024 ಸ್ಯಾಂಪಲ್ (ಇಲ್ಲಿ ಅರ್ಥ ಸದ್ದಿನ ಒಂದೊಂದು ಅಳತೆ) ಇತ್ತು, 48 ಕಿಲೋಹರ್ಟ್ಸ್‌ನಲ್ಲಿ ಅದು 21 ಮಿಲಿಸೆಕೆಂಡ್. ಪೈಪ್ ಆಗಲೇ ನುಡಿದಿರುತ್ತಿತ್ತು, ಸ್ಪೀಕರ್ ಹಿಂದಿನಿಂದ ಬರುತ್ತಿತ್ತು. 256ಕ್ಕೆ ಇಳಿಸಿದ ಮೇಲೆ 5 ಮಿಲಿಸೆಕೆಂಡ್ ಚಿಲ್ಲರೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಬರಲು ಮೂರು ಮಿಲಿಸೆಕೆಂಡ್ ಬೇಕು, ಹಾಗಾಗಿ ಅದಕ್ಕಿಂತ ಕೆಳಗೆ ಹೋಗಿ ಕಂಪ್ಯೂಟರ್‌ಗೆ ಹಿಂಸೆ ಕೊಡುವುದರಲ್ಲಿ ಅರ್ಥವಿಲ್ಲ.

ಪೆಡಲ್‌ನ 16 ಅಡಿಯಲ್ಲಿ ಕೆಳಗಿನ ಇ ಒಂದೇ ಸ್ವರ ಕಿಟಕಿ ಅಲ್ಲಾಡಿಸುತ್ತಿತ್ತು. ಆ ಇ 41.2 ಹರ್ಟ್ಸ್. ಕೋಣೆಯ ಉದ್ದ 4.2 ಮೀಟರ್. ಅಷ್ಟು ಉದ್ದದ ಗೋಡೆಗಳ ನಡುವೆ 41 ಹರ್ಟ್ಸ್ ಹತ್ತಿರದ ಅಲೆ ಸರಿಯಾಗಿ ಕೂರುತ್ತದೆ. ಸಬ್‌ವೂಫರ್ ಅನ್ನು ಮೂಲೆಯಿಂದ ಈಚೆ ಸರಿಸಿ, ಆ ಒಂದು ಸ್ವರದ ಸ್ಯಾಂಪಲ್‌ನ ಸದ್ದನ್ನು ತಂತ್ರಾಂಶದಲ್ಲಿ ಕಡಿಮೆ ಮಾಡಿದ್ದಾಯಿತು. ಪೈಪ್‌ನಲ್ಲಾದರೆ ಇದಕ್ಕೆ ಆ ಪೈಪ್‌ನ ಬುಡದ ರಂಧ್ರವನ್ನೇ ಕಿರಿದು ಮಾಡಬೇಕಿತ್ತು.

ಈಗ ಮುಂದೇನು

ಅವರಿಗೆ ಮೂರನೇ ಸಾಲು ಬೇಕಂತೆ. ನಿಜವಾದ ಟ್ರಂಪೆಟ್ 8. ಟ್ರಂಪೆಟ್ ರೀಡ್ ಪೈಪ್. ಅದರ ಶ್ರುತಿಯನ್ನು ಮುಖ್ಯವಾಗಿ ಹಿಡಿದಿಡುವುದು ಹಿತ್ತಾಳೆಯ ನಾಲಿಗೆ, ಗಾಳಿಯ ಕಂಬವಲ್ಲ. ಬಿಸಿ ಏರಿದಾಗ ಗೆಡಾಕ್ಟ್, ಪ್ರಿನ್ಸಿಪಲ್ ಡಿಗ್ರಿಗೆ 3 ಸೆಂಟ್ ಏರುತ್ತವೆ, ಟ್ರಂಪೆಟ್ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ದೊಡ್ಡ ಆರ್ಗನ್‌ಗಳಲ್ಲಿ ಕಾರ್ಯಕ್ರಮಕ್ಕೆ ಮೊದಲು ರೀಡ್‌ಗಳನ್ನು ಮಾತ್ರ ಮತ್ತೆ ಶ್ರುತಿ ಮಾಡುವುದು ಇದಕ್ಕೇ. ಕಂಪ್ಯೂಟರ್‌ನ ಟ್ರಂಪೆಟ್‌ಗೆ ಈ ಹಟವಿಲ್ಲ, 12 ಸೆಂಟ್ ಅಂದರೆ 12 ಸೆಂಟ್ ಏರುತ್ತದೆ. ಈ ಒಂದು ವಿಷಯದಲ್ಲಿ ಡಿಜಿಟಲ್ ರೀಡ್ ನಿಜವಾದದ್ದಕ್ಕಿಂತ ವಿಧೇಯ.

ಇದನ್ನೆಲ್ಲ ಹೇಳಿದೆ. ಟ್ರಂಪೆಟ್ ಬದಲು ಸ್ಯಾಲಿಸಿಯೋನಲ್ 8 (ನಾಲಿಗೆ ಇಲ್ಲದ, ಗಾಳಿಯ ಕಂಬದ ಪೈಪ್) ಹಾಕಿಕೊಳ್ಳಿ, ಅದು ಉಳಿದವುಗಳ ಜೊತೆಗೇ ಏರಿಳಿಯುತ್ತದೆ ಅಂತಲೂ ಹೇಳಿದೆ. ಅವರು ಗಾಳಿಪೆಟ್ಟಿಗೆಯಲ್ಲಿ ಮೂರನೇ ಸಾಲಿಗೆ ಆಗಲೇ 61 ತೂತು ಗುರುತು ಹಾಕಿ ಇಟ್ಟಿದ್ದಾರೆ. ತೂತುಗಳ ನಡುವಿನ ಅಂತರ ನೋಡಿದರೆ ಟ್ರಂಪೆಟ್‌ನ ಬುಡಕ್ಕೇ ಅಳತೆ ಮಾಡಿದಂತಿದೆ.